ನರ್ಸಿಂಗ್ ಸೀಟಿನ ಚೀಟಿ, ಅಪ್ಪನ ಲೇತ್ ಮೆಷಿನ್

ಮೊನ್ನೆ ಇಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ನಾನು ಓದುವ ಕಮ್ಯುನಿಟಿ ಕಾಲೇಜಿನಿಂದ ಮೇಲ್ ಬಂತು. ನರ್ಸಿಂಗ್ ಕೋರ್ಸಿನ ಲಾಟರಿಯಲ್ಲಿ ಈ ಸಲವೂ ನನ್ನ ಹೆಸರು ಎದ್ದಿಲ್ಲ. ಇದು ಎರಡನೇ ಸಲ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರರಲ್ಲೂ ಎ ಗ್ರೇಡ್ ಇದೆ. ಮಕ್ಕಳನ್ನು ಮಲಗಿಸಿ, ಅಡುಗೆಮನೆಯಲ್ಲಿ ಕೂತು ಮೂಳೆಗಳ ಹೆಸರನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಅರ್ಜಿ ಜಾಸ್ತಿ, ಸೀಟು ಕಡಿಮೆ. ಹಾಗಾಗಿ ಅರ್ಹತೆ ಇರುವವರ ಹೆಸರೆಲ್ಲ ಸೇರಿಸಿ ಚೀಟಿ ಎತ್ತುತ್ತಾರೆ.

ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದರು, "ಅಲ್ಲಮ್ಮಾ, ಅಲ್ಲಿ ನರ್ಸ್‌ಗಳು ಸಾಲ್ತಾ ಇಲ್ಲ ಅಂತ ನೀನೇ ಹೇಳ್ತೀಯ. ಕಲೀತೀನಿ ಅಂತ ಬಂದವರಿಗೆ ಸೀಟಿಲ್ಲ ಅಂದ್ರೆ ಹೆಂಗೆ?"

ನನಗೂ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದೆ. ಎಲ್ಲಾ ಕಡೆ ಸುತ್ತಿ ಕೊನೆಗೆ ಬಂದು ನಿಂತಿದ್ದು ಸರ್ಕಾರ ಕಾಲೇಜಿಗೆ ಹಣ ಕೊಡುವ ಲೆಕ್ಕದ ಹತ್ತಿರ.

ಊರಲ್ಲಿರುವ ಗೆಳೆಯರಿಗೆ ಮೊದಲು ಕಮ್ಯುನಿಟಿ ಕಾಲೇಜು ಅಂದರೆ ಏನೆಂದು ಹೇಳಬೇಕು. ಇದು ಎರಡು ವರ್ಷದ ಸರ್ಕಾರಿ ಕಾಲೇಜು. ಇಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗಬಹುದು. ವೆಲ್ಡಿಂಗ್, ಕಾರ್ ರಿಪೇರಿ, ಎಕ್ಸ್‌ರೇ ಅಥವಾ ನರ್ಸಿಂಗ್ ಕಲಿತು ನೇರ ಕೆಲಸಕ್ಕೂ ಸೇರಬಹುದು. ನಮ್ಮ ಐಟಿಐ, ಪಾಲಿಟೆಕ್ನಿಕ್, ಡಿಗ್ರಿ ಕಾಲೇಜು ಮೂರನ್ನೂ ಒಂದೇ ಕಾಂಪೌಂಡಿನೊಳಗೆ ತಂದಿಟ್ಟ ಹಾಗೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು 116 ಇವೆ. ಸುಮಾರು 20 ಲಕ್ಷ ಜನ ಓದುತ್ತಾರೆ. ಸಾಮಾನ್ಯ ಕೋರ್ಸುಗಳಿಗೆ ಪ್ರವೇಶ ಪರೀಕ್ಷೆ ಇಲ್ಲ. ಬಾಗಿಲು ಎಲ್ಲರಿಗೂ ತೆರೆದಿರಬೇಕು ಅನ್ನುವುದನ್ನು ಈ ರಾಜ್ಯ 1960ರ ತನ್ನ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನ್‌ನಲ್ಲೇ ಒಪ್ಪಿಕೊಂಡಿದೆ. ರಾಜ್ಯದ ನಿವಾಸಿಗಳಿಗೆ ಫೀಸು ಒಂದು ಯೂನಿಟ್‌ಗೆ 46 ಡಾಲರ್. 2012ರಿಂದ ಅದು ಏರಿಲ್ಲ. ಮೂರು ಯೂನಿಟ್‌ನ ಒಂದು ಕೋರ್ಸ್ 138 ಡಾಲರಿಗೆ ಮುಗಿಯುತ್ತದೆ. ಕಡಿಮೆ ಆದಾಯದವರಿಗೆ ಅದೂ ಮಾಫಿ.

ನನ್ನಂಥವರಿಗೆ ಈ ಕಾಲೇಜು ಎಷ್ಟು ದೊಡ್ಡದು ಅಂತ ಬಾಯಲ್ಲಿ ಹೇಳುವುದು ಕಷ್ಟ. ನಾನು ಗಂಡನ ಕೆಲಸದ ಹಿಂದೆ ಎಚ್-4 ವೀಸಾದಲ್ಲಿ ಬಂದವಳು. ವರ್ಷಗಟ್ಟಲೆ ಮನೆಯಲ್ಲಿದ್ದೆ. ಮತ್ತೆ ಪುಸ್ತಕ ಹಿಡಿದಾಗ 38 ವರ್ಷ. ನನ್ನ ಲ್ಯಾಬಿನ ಟೇಬಲ್ಲಿನಲ್ಲಿ ರಾತ್ರಿಯಿಡೀ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಬೆಳಿಗ್ಗೆ ನೇರ ಕ್ಲಾಸಿಗೆ ಬರುವ ಹುಡುಗನಿದ್ದ. ಸೈನ್ಯದಿಂದ ಬಂದವರೊಬ್ಬರಿದ್ದರು. ಮೊಮ್ಮಕ್ಕಳಿರುವ ಅಜ್ಜಿಯೂ ಇದ್ದರು. ಯಾರಿಗೂ ಯಾರ ವಯಸ್ಸೂ ವಿಚಿತ್ರ ಅನ್ನಿಸಲಿಲ್ಲ.

ಸರಿ, ಹಣದ ವಿಷಯಕ್ಕೆ ಬರುತ್ತೇನೆ. 1988ರಲ್ಲಿ ಇಲ್ಲಿನ ಮತದಾರರು ಪ್ರೊಪೊಸಿಷನ್ 98 ಅಂತ ಒಂದು ಕಾನೂನು ಪಾಸು ಮಾಡಿದರು. ಶಾಲೆಗಳಿಗೂ ಕಮ್ಯುನಿಟಿ ಕಾಲೇಜುಗಳಿಗೂ ಸೇರಿ ಪ್ರತಿ ವರ್ಷ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ಗ್ಯಾರಂಟಿ ಅದು. ಅದರಲ್ಲಿ ಕಾಲೇಜುಗಳ ಪಾಲು ನೂರಕ್ಕೆ ಸುಮಾರು 11. 2018ರಲ್ಲಿ ಹಂಚುವ ರೀತಿ ಬದಲಾಯಿತು. 70 ಭಾಗ ವಿದ್ಯಾರ್ಥಿಗಳ ಸಂಖ್ಯೆಗೆ, 20 ಭಾಗ ಬಡ ವಿದ್ಯಾರ್ಥಿಗಳ ಸಂಖ್ಯೆಗೆ, 10 ಭಾಗ ಎಷ್ಟು ಜನ ಓದು ಮುಗಿಸಿದರು, ಕೆಲಸ ಹಿಡಿದರು ಅನ್ನುವುದಕ್ಕೆ. ಬಡವರ ಲೆಕ್ಕ ಸೇರಿಸಿದ್ದು ನನಗೆ ನಿಜವಾಗಿ ಇಷ್ಟವಾಯಿತು.

ತೊಂದರೆ ಇರುವುದು ಆ 70 ಭಾಗದಲ್ಲಿ. ವಿದ್ಯಾರ್ಥಿಗಳು ಒಟ್ಟು 525 ಗಂಟೆ ಪಾಠ ಕೇಳಿದರೆ ಒಬ್ಬ ಪೂರ್ಣಾವಧಿ ವಿದ್ಯಾರ್ಥಿ ಎಂದು ಲೆಕ್ಕ. ಅದು ಇತಿಹಾಸದ ಪಾಠವೇ ಆಗಲಿ, ನರ್ಸಿಂಗ್ ಆಗಲಿ, ವೆಲ್ಡಿಂಗ್ ಆಗಲಿ, ಕ್ರೆಡಿಟ್ ಕೋರ್ಸಿಗೆ, ಅಂದರೆ ಡಿಗ್ರಿ, ಸರ್ಟಿಫಿಕೇಟಿನ ಲೆಕ್ಕಕ್ಕೆ ಬರುವ ಕೋರ್ಸಿಗೆ, ಮೂಲ ದರ ಒಂದೇ. ಸ್ವಲ್ಪ ಯೋಚಿಸಿ. ಇತಿಹಾಸದ ಕ್ಲಾಸಲ್ಲಿ ಒಬ್ಬ ಮೇಷ್ಟ್ರು, ಒಂದು ಬೋರ್ಡು, ಎದುರಿಗೆ 40 ಜನ. ನರ್ಸಿಂಗ್‌ನವರು ಆಸ್ಪತ್ರೆಯ ವಾರ್ಡಿಗೆ ಹೋಗುವಾಗ ಒಬ್ಬ ಟೀಚರ್ ಹಿಂದೆ ಹತ್ತು ಜನ. ನಿಜವಾದ ರೋಗಿ ಮಲಗಿರುತ್ತಾರೆ, 40 ಜನರನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ಜೊತೆಗೆ ಸಿರಿಂಜು, ಗ್ಲೌಸು, ಪ್ರಾಕ್ಟೀಸಿಗೆ ಗೊಂಬೆ. ವೆಲ್ಡಿಂಗ್‌ನಲ್ಲಿ ದಿನಾ ರಾಡು, ಗ್ಯಾಸು, ಕಬ್ಬಿಣ ಸುಟ್ಟು ಹೋಗುತ್ತದೆ. ಇನ್ನೂ ಒಂದಿದೆ. ನರ್ಸಿಂಗ್ ಕಲಿಸಬಲ್ಲವರಿಗೆ ಆಸ್ಪತ್ರೆಯೇ ಹೆಚ್ಚು ಸಂಬಳ ಕೊಡುತ್ತದೆ. ಅವರು ಕಾಲೇಜಿಗೆ ಯಾಕೆ ಬರುತ್ತಾರೆ?

ಹೀಗಿರುವಾಗ ಒಂದು ಹೊಸ ನರ್ಸಿಂಗ್ ಬ್ಯಾಚು ಶುರು ಮಾಡಿದರೆ ಕಾಲೇಜಿಗೆ ಕೈಯಿಂದ ಖರ್ಚು. ಹತ್ತು ಸಾಮಾನ್ಯ ಕ್ಲಾಸು ಶುರು ಮಾಡಿದರೆ ಹಾಕಿದ ಖರ್ಚು ವಾಪಸು ಬರುತ್ತದೆ. ಪ್ರಿನ್ಸಿಪಾಲರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಊರಿಗೆಲ್ಲ ಬೇಕಾದ ಕೋರ್ಸೇ ಕಾಲೇಜಿಗೆ ಭಾರ ಆಗಿಬಿಟ್ಟಿದೆ. ನನ್ನ ಹೆಸರಿನ ಚೀಟಿ ಡಬ್ಬಿಯೊಳಗೇ ಉಳಿದಿದ್ದು ಇದಕ್ಕೇ.

ಇತಿಹಾಸದ ಕ್ಲಾಸಿನ ದುಡ್ಡು ಕಿತ್ತು ನಮಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಆ ಕ್ಲಾಸಲ್ಲಿ ನಾನೂ ಕೂತಿದ್ದೇನೆ, ಬಹಳ ಕಲಿತಿದ್ದೇನೆ. ಯಾವ ಕೋರ್ಸಿಗೆ ಎಷ್ಟು ಖರ್ಚೋ ಅಷ್ಟನ್ನು ನೋಡಿ ಹಣ ಕೊಡಿ ಅನ್ನುತ್ತಿದ್ದೇನೆ. ಇದು ಆಗದ ಮಾತಲ್ಲ. ನಾರ್ತ್ ಕ್ಯಾರೊಲಿನಾದಲ್ಲಿ 58 ಕಮ್ಯುನಿಟಿ ಕಾಲೇಜುಗಳಿವೆ. ಅಲ್ಲಿ ಕೋರ್ಸುಗಳನ್ನು ಬೇರೆ ಬೇರೆ ಹಂತ ಮಾಡಿ, ಖರ್ಚು ಹೆಚ್ಚಿರುವ ಕೋರ್ಸುಗಳಿಗೆ ತಲೆಗೆ ಹೆಚ್ಚು ಅನುದಾನ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ಕೂಡ 2016ರಲ್ಲಿ ಸ್ಟ್ರಾಂಗ್ ವರ್ಕ್‌ಫೋರ್ಸ್ ಎಂಬ ಯೋಜನೆ ತಂದು ವರ್ಷಕ್ಕೆ 20 ಕೋಟಿ ಡಾಲರ್ ಇಟ್ಟಿತು. ಒಳ್ಳೆಯ ಕೆಲಸವೇ. ಆದರೆ ಅದು 116 ಕಾಲೇಜುಗಳ ನೂರಾರು ಕೋರ್ಸುಗಳಿಗೆ ಹಂಚಿಹೋಗುತ್ತದೆ. ಮೂಲ ಲೆಕ್ಕ ತಪ್ಪಿರುವಾಗ ಪಕ್ಕದಲ್ಲೊಂದು ಯೋಜನೆ ಇಟ್ಟರೆ ಸಾಲುವುದಿಲ್ಲ.

ಕಷ್ಟದ ಕಾಲದಲ್ಲಿ ಇನ್ನೂ ಕೆಟ್ಟದಾಗುತ್ತದೆ. 2008ರ ಆರ್ಥಿಕ ಕುಸಿತದ ನಂತರ ಕೆಲಸ ಕಳೆದುಕೊಂಡವರು ಹೊಸ ವಿದ್ಯೆ ಕಲಿಯಲು ಈ ಕಾಲೇಜುಗಳಿಗೇ ಬಂದರು. ಅದೇ ಹೊತ್ತಿಗೆ ರಾಜ್ಯದ ಆದಾಯ ಬಿತ್ತು, ಅನುದಾನ ಕಡಿತವಾಯಿತು, ಕ್ಲಾಸುಗಳು ರದ್ದಾದವು. ಕೆಲವೇ ವರ್ಷಗಳಲ್ಲಿ ಸುಮಾರು 5 ಲಕ್ಷ ವಿದ್ಯಾರ್ಥಿಗಳು ಕಡಿಮೆಯಾದರು. ಹಸಿದವರು ಬಂದಾಗಲೇ ಒಲೆ ಆರಿಸಿದಂತೆ ಆಯಿತು ಅಲ್ವಾ?

ಇದೆಲ್ಲ ಅಪ್ಪನಿಗೆ ಹೇಳಿದೆ. ಅವರು ಐಟಿಐ ಫಿಟ್ಟರ್. ಅವರು ಕಲಿತ ಕಡೆ ಇದ್ದಿದ್ದು ಎರಡು ಲೇತ್ ಮೆಷಿನ್, ಅದರಲ್ಲಿ ಒಂದು ಕೆಟ್ಟು ನಿಂತಿತ್ತಂತೆ. ದಿನವೆಲ್ಲ ಅರ ಹಿಡಿದು ಕಬ್ಬಿಣ ಉಜ್ಜುತ್ತಾ ಸರದಿ ಕಾಯಬೇಕಿತ್ತು. "ಲೇತ್ ಸರಿಯಾಗಿ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೇನೇ" ಎಂದರು. ಕರ್ನಾಟಕದಲ್ಲಿ ಈಗ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳು ಬಂದಿವೆ. 2022ರ ಜೂನ್‌ನಲ್ಲಿ ಅವುಗಳ ಉದ್ಘಾಟನೆಯೂ ಆಯಿತು. ಯೋಜನೆಯ ಮೊತ್ತ 4,600 ಕೋಟಿ ರೂಪಾಯಿಗೂ ಹೆಚ್ಚು. ಅಪ್ಪನಿಗೆ ಇದರಿಂದ ಬಹಳ ಖುಷಿ. ಆದರೆ ಅವರು ಕೇಳಿದ್ದು ಬೇರೆ. "ಮೆಷಿನ್ ಒಂದ್ಸಲ ಬರುತ್ತೆ. ಟೂಲ್ ಬಿಟ್‌ಗಳು, ಕರೆಂಟು, ರಿಪೇರಿ, ಮೇಷ್ಟ್ರ ಸಂಬಳ ವರ್ಷಾ ವರ್ಷಾ ಬರಬೇಕಲ್ಲಮ್ಮಾ. ಅದಕ್ಕೆ ಯಾರು ಕೊಡ್ತಾರೆ?" ನನ್ನ ಕಾಲೇಜಿಗೂ ಇದೇ ಪ್ರಶ್ನೆ.

ಇಲ್ಲಿ ಗವರ್ನರ್ ಜನವರಿಯಲ್ಲಿ ಬಜೆಟ್ ಮಂಡಿಸುತ್ತಾರೆ, ಮೇ ತಿಂಗಳಲ್ಲಿ ತಿದ್ದುತ್ತಾರೆ, ಜೂನ್ 15ರೊಳಗೆ ಶಾಸಕರು ಪಾಸು ಮಾಡಬೇಕು. ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆದಿದ್ದೇನೆ. ಇನ್ನು ಕಾಲೇಜಿನ ಬೋರ್ಡ್ ಮೀಟಿಂಗ್ ಇದೆ. ಬೋರ್ಡಿನವರು ನಾವೇ ಓಟು ಹಾಕಿ ಆರಿಸಿದವರು, ಯಾರು ಬೇಕಾದರೂ ಎದ್ದು ಮಾತಾಡಬಹುದು. ಅನುದಾನದ ಲೆಕ್ಕ ಅವರ ಕೈಲಿಲ್ಲ, ಗೊತ್ತು. ಆದರೆ ನರ್ಸಿಂಗ್‌ಗೆ ಇನ್ನೊಂದು ಬ್ಯಾಚು ಬೇಕೋ ಬೇಡವೋ ಅನ್ನುವುದು ಅವರು ಒಪ್ಪುವ ಬಜೆಟ್‌ನಲ್ಲೇ ತೀರ್ಮಾನವಾಗುತ್ತದೆ. ನಾನು ಹೋಗುತ್ತಿದ್ದೇನೆ. ಬೇ ಏರಿಯಾದಲ್ಲಿರುವ ಯಾರಾದರೂ ಬರುವುದಾದರೆ ಕಾಮೆಂಟಿನಲ್ಲಿ ಹೇಳಿ. ನನ್ನ ಕಾರಿನಲ್ಲಿ ಇನ್ನೂ ಮೂವರಿಗೆ ಜಾಗ ಇದೆ.