ಪಾಣತ್ತೂರಿನ ದಾರಿ ಬಿಟ್ಟುಹೋಯಿತು
ಕಾಸರಗೋಡಿನಲ್ಲಿ ಲಿಫ್ಟ್ ಕೇಳಿಕೊಂಡು ಕಡಿಮೆ ಖರ್ಚಿನಲ್ಲಿ ಸುತ್ತಿದ ಅನುಭವದ ಪ್ರವಾಸಲೇಖನವೊಂದನ್ನು ಓದಿದೆ; ಅದು ಬೇಕಲ ಕೋಟೆಯಲ್ಲೇ ಮುಗಿದದ್ದು ಬೇಸರ ತಂದಿತು. ನಮ್ಮ ಜಿಲ್ಲೆಯ ಸೊಬಗೆಲ್ಲ ಮೂಡಣ ಗುಡ್ಡಗಳಲ್ಲಿದೆ. ಕಾಞಂಗಾಡಿನಿಂದ ಕರ್ನಾಟಕದ ಗಡಿಗೆ ಹತ್ತಿರದ ಪಾಣತ್ತೂರಿಗೆ ಬಸ್ ಸಿಗುತ್ತದೆ; ಅಲ್ಲಿಂದ ಕರಿಕೆ ಊರನ್ನು ದಾಟಿ ಕೊಡಗಿನ ಭಾಗಮಂಡಲಕ್ಕೆ ಏರುವ ಕಾಡುದಾರಿಯನ್ನು ಒಮ್ಮೆ ನೋಡಬೇಕು. ಹೋದ ಡಿಸೆಂಬರಿನಲ್ಲಿ ರಬ್ಬರ್ ಶೀಟು ಇಳಿಸಿ ಮರಳುತ್ತಿದ್ದ ಪಿಕಪ್ ಒಂದರಲ್ಲಿ ನನಗೆ ಜಾಗ ಸಿಕ್ಕಿತು. ಚಾಲಕರದು ಮಲಯಾಳ, ನನ್ನದು ಕನ್ನಡ. ಕೊನೆಗೆ ತುಳುವಿನಲ್ಲಿ ಮಾತು ಕೂಡಿತು. ಡೀಸೆಲ್ಲಿಗೆಂದು ಕೊಟ್ಟ ನೂರು ರೂಪಾಯಿಯನ್ನು ಅವರು ಮುಟ್ಟಲಿಲ್ಲ, ಒಂದು ಚಹಾ ಸಾಕೆಂದರು. ಆ ಮನುಷ್ಯರನ್ನು ನಾನು ಮರೆಯಲಾರೆ. ಮಳೆಗಾಲದಲ್ಲಿ ಮಾತ್ರ ಬೇಡ, ಘಟ್ಟದಲ್ಲಿ ಮಣ್ಣು ಕುಸಿಯುತ್ತದೆ. ಕತ್ತಲಾಗುವ ಹೊತ್ತಿಗೆ ರಸ್ತೆಬದಿಯಲ್ಲಿ ಕಾಯುತ್ತ ನಿಲ್ಲಲೂ ಬೇಡಿ, ಅದು ಆನೆಗಳ ಕಾಡು. ಕೊನೆಯ ಬಸ್ಸಿನ ವೇಳೆಯನ್ನು ಪಾಣತ್ತೂರು ಪೇಟೆಯಲ್ಲೇ ಕೇಳಿಕೊಳ್ಳಿ.