ಜಿಮ್ಮಿ ಲಾಯ್ ಪರ ಸಹಿ ಹಾಕುವ ಮುನ್ನ

2021ರ ಜೂನ್ 23ರ ರಾತ್ರಿ ಹಾಂಗ್‌ಕಾಂಗ್‌ನಲ್ಲಿ ಮಳೆ. ಪ್ರಜಾಪ್ರಭುತ್ವ ಪರ ದಿನಪತ್ರಿಕೆ 'ಆಪಲ್ ಡೈಲಿ'ಯ ಕಚೇರಿ ಮುಂದೆ ಜನ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದರು. ಮೇಲಿನಿಂದ ಸಿಬ್ಬಂದಿಯೂ ಟಾರ್ಚ್ ಆಡಿಸಿದರು. ಬೆಳಗಾದರೆ ಕೊನೆಯ ಸಂಚಿಕೆ, 10 ಲಕ್ಷ ಪ್ರತಿ.

ಅಷ್ಟು ಓದುಗರಿದ್ದ ಪತ್ರಿಕೆ ಮುಚ್ಚಿದ್ದೇಕೆ? ಜೂನ್ 17ರಂದು 500 ಪೊಲೀಸರು ದಾಳಿ ಮಾಡಿದರು, ಸಂಸ್ಥೆಯ 1.8 ಕೋಟಿ ಹಾಂಗ್‌ಕಾಂಗ್ ಡಾಲರ್ ಆಸ್ತಿಯನ್ನು ಮುಟ್ಟದಂತೆ ತಡೆದರು. ಸಂಬಳಕ್ಕೇ ದುಡ್ಡಿಲ್ಲದಂತಾಯಿತು. ಹಿಂದಿನ ವರ್ಷ ಆಗಸ್ಟ್ 10ರಂದು ಪ್ರಕಾಶಕ ಜಿಮ್ಮಿ ಲಾಯ್ ಬಂಧನವಾದಾಗ, ಮಾರನೆಯ ದಿನ ಜನ ನಸುಕಿನಲ್ಲೇ ಸಾಲು ನಿಂತು ಕಟ್ಟುಕಟ್ಟಾಗಿ ಪತ್ರಿಕೆ ಕೊಂಡಿದ್ದರು. ಸುಮಾರು 70 ಸಾವಿರ ಅಚ್ಚಾಗುತ್ತಿದ್ದದ್ದು ಅಂದು 5.5 ಲಕ್ಷಕ್ಕೆ ಏರಿತ್ತು. ಆ ಪ್ರೀತಿ ದೊಡ್ಡದು. ಆದರೆ ಕುತ್ತಿಗೆ ಹಿಸುಕಿದ ಕೈ ಬ್ಯಾಂಕ್ ಖಾತೆಯ ಮೇಲಿತ್ತು, ಅಲ್ಲಿಗೆ ಈ ಪ್ರೀತಿ ತಲುಪಲಿಲ್ಲ.

ಜೈಲಿನಲ್ಲಿರುವ ಲಾಯ್ ಪರವಾಗಿ ಈಗ ನಡೆಯುತ್ತಿರುವ ಸಹಿ, ಪತ್ರಗಳ ಅಭಿಯಾನಗಳನ್ನೂ ನಾನು ಹೀಗೇ ಅಳೆಯುತ್ತೇನೆ: ಕೇಳುತ್ತಿರುವುದು ಏನು, ಕೇಳುತ್ತಿರುವುದು ಯಾರನ್ನು?

ಲಾಯ್ ಮೇಲಿನ ಮುಖ್ಯ ಆರೋಪವೇ ವಿದೇಶಿ ಶಕ್ತಿಗಳ ಜೊತೆ ಸೇರಿ ಪಿತೂರಿ ಮಾಡಿದರೆಂಬುದು. ಹಾಂಗ್‌ಕಾಂಗ್ ಮತ್ತು ಚೀನಾದ ಮೇಲೆ ನಿರ್ಬಂಧ ಹೇರಿರೆಂದು ವಿದೇಶಗಳನ್ನು ಕೇಳಿದರು ಎನ್ನುವುದು ಅದರ ತಿರುಳು. ಪತ್ರಿಕೆಯ 161 ಬರಹಗಳನ್ನು ಸಾಕ್ಷ್ಯವಾಗಿ ಮುಂದಿಟ್ಟರು. 2025ರ ಡಿಸೆಂಬರ್ 15ರಂದು ತಪ್ಪಿತಸ್ಥರೆಂದರು, ಮುಂದೆ 20 ವರ್ಷ ಶಿಕ್ಷೆ ಕೊಟ್ಟರು. 1947ರಲ್ಲಿ ಹುಟ್ಟಿದ, ಮಧುಮೇಹವಿರುವ ಮನುಷ್ಯನಿಗೆ!

ಹಾಗಾಗಿ ಮನವಿಯಲ್ಲಿ 'ನಿರ್ಬಂಧ ಹೇರಿ' ಎಂಬ ಸಾಲು ಸೇರಿಸುವ ಮುನ್ನ ಹತ್ತು ಸಲ ಯೋಚಿಸಿ. ಲಂಡನ್ನಿನಲ್ಲಿ ಕೂತವರಿಗೆ ಅದೊಂದು ಘೋಷಣೆ. ಹಾಂಗ್‌ಕಾಂಗ್‌ನಲ್ಲಿರುವವರಿಗೆ ಅದು ಮೊಕದ್ದಮೆ. ಚೀನಾ 2020ರಲ್ಲಿ ಹಾಂಗ್‌ಕಾಂಗ್ ಮೇಲೆ ಹೇರಿದ ರಾಷ್ಟ್ರೀಯ ಭದ್ರತಾ ಕಾನೂನಿನ 38ನೇ ವಿಧಿ ಹೊರದೇಶದಲ್ಲಿರುವ ಹೊರಗಿನವರಿಗೂ ಅನ್ವಯಿಸುತ್ತದೆ. ಅಲ್ಲಿ ನೆಂಟರಿಷ್ಟರು ಇರುವವರು, ಅಲ್ಲಿಗೆ ಹೋಗಬೇಕಾದವರು ಹೆಸರು, ಊರು, ಫೋಟೋ ಹಾಕಿ ಬಹಿರಂಗವಾಗಿ ಸಹಿ ಮಾಡುವುದು ಬೇಡ. ಮಾಡಿ ಎಂದು ಒತ್ತಾಯಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಿಮ್ಮ ಸಂಸದರಿಗೆ ಬರೆಯುವ ಪತ್ರ ಒಂದೇ ಪುಟದಲ್ಲಿರಲಿ, ಬೇಡಿಕೆಯೂ ಒಂದೇ ಇರಲಿ. ಏಕಾಂತ ಸೆರೆ ನಿಲ್ಲಲಿ, ಇಲ್ಲವೇ ಸ್ವತಂತ್ರ ವೈದ್ಯರು ನೋಡಲಿ, ಇಲ್ಲವೇ ಬ್ರಿಟಿಷ್ ರಾಯಭಾರ ಸಿಬ್ಬಂದಿಗೆ ಭೇಟಿ ಸಿಗಲಿ. ಲಾಯ್ ಬ್ರಿಟಿಷ್ ಪ್ರಜೆ, ಆದರೆ ಚೀನಾ ಎರಡು ಪೌರತ್ವವನ್ನು ಒಪ್ಪದ್ದರಿಂದ ಆ ಭೇಟಿಗೆ ಅಡ್ಡಿ. 'ಪತ್ರಿಕಾ ಸ್ವಾತಂತ್ರ್ಯ ಉಳಿಸಿ' ಎಂದಷ್ಟೇ ಬರೆದರೆ ಸಂಸದರ ಕಚೇರಿ ಒಂದು ಅಚ್ಚುಹಾಕಿದ ಉತ್ತರ ಕಳಿಸಿ ಕೈತೊಳೆದುಕೊಳ್ಳುತ್ತದೆ. ನಿರ್ದಿಷ್ಟವಾಗಿ ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಆಧಾರಕ್ಕೆ ವಿಶ್ವಸಂಸ್ಥೆಯ ನಿರಂಕುಶ ಬಂಧನ ಕುರಿತ ಕಾರ್ಯತಂಡದ ಅಭಿಪ್ರಾಯವನ್ನು ತೋರಿಸಿ. ಈ ಬಂಧನ ನಿರಂಕುಶವಾದದ್ದೆಂದು 2024ರಲ್ಲೇ ಅದು ಹೇಳಿದೆ.

ಜೈಲಿಗೆ ಬರೆಯುವ ಕಾಗದವನ್ನು ಅಧಿಕಾರಿಗಳು ಒಡೆದು ಓದುತ್ತಾರೆ. ಅದರಲ್ಲಿ ರಾಜಕೀಯ ಬೇಡ, ಕ್ಷೇಮಸಮಾಚಾರ ಸಾಕು.

ಇನ್ನೊಂದು ಮಾತು. ಅದೇ ಪ್ರಕರಣದಲ್ಲಿ 'ಆಪಲ್ ಡೈಲಿ'ಯ ಇನ್ನೂ ಆರು ಮಂದಿ ಹಿರಿಯ ಸಿಬ್ಬಂದಿ 2022ರಲ್ಲಿ ತಪ್ಪೊಪ್ಪಿಕೊಂಡರು. ಚೆಯುಂಗ್ ಕಿಮ್-ಹಂಗ್, ರಯಾನ್ ಲಾ, ಲಾಮ್ ಮನ್-ಚುಂಗ್, ಚಾನ್ ಪುಯ್-ಮನ್, ಫುಂಗ್ ವಾಯ್-ಕೊಂಗ್, ಯೆಯುಂಗ್ ಚಿಂಗ್-ಕೀ. ಪೋಸ್ಟರ್‌ನಲ್ಲಿ ಇವರಿಗೂ ಜಾಗ ಕೊಡಿ.