ಓದು ಹತ್ತದ ಮಗುವಿನ ಸುತ್ತ ಎಷ್ಟು ಜನ?

ಇಂಗ್ಲೆಂಡಿಗೆ ಬಂದು ಹತ್ತು ವರ್ಷವಾಗಿದ್ದರೂ ಇಲ್ಲಿನ ಪ್ರಾಥಮಿಕ ಶಾಲೆ ಒಳಗೊಳಗೆ ಹೇಗೆ ನಡೆಯುತ್ತದೆಂಬುದು ನನಗೆ ತಿಳಿದದ್ದು ಮಗನಿಗೆ ಓದು ಹತ್ತದಿದ್ದಾಗ. ಐದಾರು ವರ್ಷದ ಮಕ್ಕಳಿಗೆ ಇಲ್ಲಿ 2012ರಿಂದ, ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ, ಒಂದು ಸಣ್ಣ ಪರೀಕ್ಷೆಯಿದೆ. ಮಗು ಶಿಕ್ಷಕಿಯ ಎದುರು ಕುಳಿತು 40 ಪದಗಳನ್ನು ಓದಬೇಕು. ಅವುಗಳಲ್ಲಿ 20 ಅರ್ಥವೇ ಇಲ್ಲದ ಹುಸಿಪದಗಳು. ಪದದ ರೂಪವನ್ನು ನೆನಪಿಟ್ಟುಕೊಂಡೋ ಊಹಿಸಿಯೋ ಓದುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ನನ್ನ ಮಗನೂ ಸಿಕ್ಕಿಬಿದ್ದ.

ಶಾಲೆಯಿಂದ ಕರೆ ಬಂದಾಗ, ನಮ್ಮ ಕಾಲದಲ್ಲಿ ಅಪ್ಪನನ್ನು ಕರೆಸಿದರೆ ಏನಾಗುತ್ತಿತ್ತೋ ಅದನ್ನೇ ನಿರೀಕ್ಷಿಸಿ ಹೋಗಿದ್ದೆ. ಆದರೆ ಅಲ್ಲಿ ತರಗತಿಯ ಶಿಕ್ಷಕಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಸಹಾಯಕಿ, ವಿಶೇಷ ಅಗತ್ಯದ ಮಕ್ಕಳ ಹೊಣೆ ಹೊತ್ತ ‘ಸೆಂಕೊ’ ಎಂಬ ಇನ್ನೊಬ್ಬ ಶಿಕ್ಷಕಿ, ಎಲ್ಲರೂ ಒಂದೇ ಮೇಜಿನ ಸುತ್ತ ಕಾದಿದ್ದರು. ಮೊದಲ ಅಕ್ಷರ ಕಂಡೊಡನೆ ಉಳಿದದ್ದನ್ನು ಊಹಿಸುತ್ತಾನೆಂದು ಸಹಾಯಕಿ ಹೇಳಿದರು. ಮನೆಯಲ್ಲಿ ಪುಸ್ತಕ ತೆರೆದರೆ ಹೊಟ್ಟೆನೋವೆನ್ನುತ್ತಾನೆಂದು ನನ್ನ ಹೆಂಡತಿ ಹೇಳಿದಳು. ಎಲ್ಲಕ್ಕಿಂತ ಮೊದಲು ಕಿವಿ, ಕಣ್ಣು ತೋರಿಸಿ ಬನ್ನಿ ಎಂದರು ಸೆಂಕೊ. (ಮನೆಯಲ್ಲಿ ಕನ್ನಡ ಬಿಡಿ ಎಂದು ಯಾರೂ ಹೇಳಲಿಲ್ಲ, ಆ ಭಯ ನನಗಿತ್ತು.) ದಿನಕ್ಕೆ ಹದಿನೈದು ನಿಮಿಷ ಯಾರು ಓದಿಸಬೇಕು, ಆರು ವಾರದ ಮೇಲೆ ಯಾವ ದಿನ ಮತ್ತೆ ಕೂರಬೇಕು ಎಂಬುದನ್ನೂ ಅಲ್ಲಿಯೇ ಬರೆದುಕೊಂಡೆವು.

ಇಲ್ಲಿನದೆಲ್ಲ ಚಿನ್ನವೇನಲ್ಲ. ಶಾಲೆಯ ಕೈಮೀರಿದ ಮಗುವಿಗೆ ಕಾನೂನಿನ ಬಲವಿರುವ ನೆರವಿನ ಯೋಜನೆ ಸಿಗಲು 20 ವಾರಗಳ ಗಡುವಿದ್ದರೂ ಅದು ಮೀರುವುದು ಮಾಮೂಲಾಗಿದೆ.

ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಕಲಿಸುವ ನನ್ನ ಅಕ್ಕ ಇದನ್ನೆಲ್ಲ ಕೇಳಿ, “ಆ ಮೇಜಿನ ನಾಲ್ಕು ಕಡೆಯೂ ನಾನೊಬ್ಬಳೇ ಕೂರಬೇಕು ಕಣೋ” ಎಂದು ನಕ್ಕಳು. ಆದರೂ ನಮ್ಮಲ್ಲಿ ಜನರಿಲ್ಲವೆಂದು ನಾನು ಒಪ್ಪಲಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕಲಿಕಾ ಏಣಿ, ಯಾವ ಮಗು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಪರೀಕ್ಷೆಯ ಹಂಗಿಲ್ಲದೆ ತೋರಿಸುವ ಸಾಧನ. ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿಗೆ ಸಿಆರ್‌ಪಿ ಎಂಬ ಸಂಪನ್ಮೂಲ ವ್ಯಕ್ತಿ ಇದ್ದಾರೆ, ಬ್ಲಾಕಿಗೆ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇದ್ದಾರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಓದು-ಬರಹದ ತೊಡಕಿನಂಥ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಗೆ ಜಾಗವೂ ಇದೆ. ಕೊರತೆಯಿರುವುದು ಇವರೆಲ್ಲ ಒಂದು ಮಗುವಿನ ಹೆಸರು ಹಿಡಿದು ಒಟ್ಟಿಗೆ ಮಾತಾಡುವುದರಲ್ಲಿ; ಒಬ್ಬೊಬ್ಬರೂ ಒಂದೊಂದು ದಿನ ಬಂದು ತಮ್ಮ ತಮ್ಮ ನಮೂನೆ ತುಂಬಿಸಿಕೊಂಡು ಹೋಗುತ್ತಾರೆ.

ಹಾಗೆಂದು ಇಲ್ಲಿನ ಪರೀಕ್ಷೆಯನ್ನು ಎತ್ತಿ ಅಲ್ಲಿಡಲೂ ಆಗದು. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದಬಹುದಾದ್ದರಿಂದ, ತೊಡಕಿರುವ ಮಗು ಎಷ್ಟೋ ಸಲ ತಪ್ಪಿಲ್ಲದೆ, ಆದರೆ ತೀರ ನಿಧಾನವಾಗಿ ಓದುತ್ತದೆ. ‘ಲಕ್ಷ್ಮಿ’ಯಂಥ ಒತ್ತಕ್ಷರದ ಪದ ಬಂದಾಗ ನಿಂತೇಬಿಡುತ್ತದೆ. ಸರಿತಪ್ಪು ಎಣಿಸಿ ಅಂಕ ಕೊಡುವವರಿಗೆ ಆ ನಿಧಾನ ಕಾಣುವುದಿಲ್ಲ, ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡವರಿಗೆ ಕಾಣುತ್ತದೆ.

ತಿಂಗಳಿಗೊಮ್ಮೆ, ಸಿಆರ್‌ಪಿ ಬರುವ ದಿನವೇ, ಇಬ್ಬರು ಮಕ್ಕಳ ಬಗ್ಗೆ ಒಂದು ಗಂಟೆ ಎಲ್ಲರೂ ಕೂತರೆ ಹೇಗೆಂದು ಅಕ್ಕನನ್ನು ಕೇಳಿದೆ. ಮಾಡಿ ನೋಡೋಣ ಎಂದಿದ್ದಾಳೆ. ತಾಯಂದಿರ ಕೂಲಿ ತಪ್ಪಬಾರದು, ಆದ್ದರಿಂದ ಸಂಜೆ ಐದರ ಮೇಲೆಯೇ ಇಡಬೇಕು ಎಂಬುದು ಅವಳ ಷರತ್ತು.